ಮಣ್ಣಿನ ಕೆಳಗಿನ ಮಜ್ಜನಶಾಲೆ

ಲಂಡನ್ನಿನ ಹಳೆಯ ನಗರಭಾಗದಲ್ಲಿ, ಥೇಮ್ಸ್ ನದಿಯ ಕಡೆಗೆ ಇಳಿದುಹೋಗುವ ಇಳಿಜಾರಿನಲ್ಲಿ, ಹಗ್ಗಿನ್ ಹಿಲ್ ಎಂಬ ಒಂದು ಕಿರುಬೀದಿ ಇದೆ. ಅದರ ಮಗ್ಗುಲಲ್ಲಿ ಒಂದು ಸಣ್ಣ ಉದ್ಯಾನ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕಟ್ಟಡಗಳು ಕುಸಿದ ಜಾಗಕ್ಕೆ, 1940ರ ದಶಕದಲ್ಲಿ, ಪಾದರಕ್ಷೆಯ ವೃತ್ತಿಯಲ್ಲಿದ್ದ ಒಬ್ಬ ಸಾಮಾನ್ಯ ಮನುಷ್ಯನು ನದಿಯ ದಡದಿಂದ ಮಣ್ಣು ತಂದು ಹಾಕಿ, ಹೂಗಿಡ ನೆಟ್ಟು, ಹಾಳು ನೆಲವನ್ನು ಹಸನುಗೊಳಿಸಿದನಂತೆ. ಈಗ ಅದಕ್ಕೆ ಕ್ಲಿಯರಿ ಉದ್ಯಾನವೆಂದು ಹೆಸರು. ಮಧ್ಯಾಹ್ನದ ಬಿಡುವಿನಲ್ಲಿ ಸುತ್ತಣ ಕಚೇರಿಗಳ ನೌಕರರು ಅಲ್ಲಿಗೆ ಬಂದು ಬುತ್ತಿ ಬಿಚ್ಚುತ್ತಾರೆ. ಅವರು ಕುಳಿತ ಆ ಇಳಿಜಾರಿನ ಒಡಲಲ್ಲಿ, ಪಕ್ಕದ ಬಹುಮಹಡಿಯ ಕಟ್ಟಡದ ಅಡಿಯಲ್ಲಿ, ಸುಮಾರು ಸಾವಿರದ ಒಂಬೈನೂರು ವರ್ಷಗಳ ಹಿಂದೆ ರೋಮನರು ಕಟ್ಟಿದ ಒಂದು ಸಾರ್ವಜನಿಕ ಸ್ನಾನಗೃಹದ ಗೋಡೆಗಳು ಮರಳಿನ ಹೊದಿಕೆಯಲ್ಲಿ ಮಲಗಿವೆ. ಅವುಗಳನ್ನು ಯಾರೂ ನೋಡಲಾರರು. ಒಳಗೆ ಹೋಗಲು ಬಾಗಿಲಿಲ್ಲ. ಇಣಿಕಿ ನೋಡಲು ಕಿಂಡಿಯಿಲ್ಲ. ಆದರೂ ಆ ದೇಶದ ಕಾನೂನಿನ ಕಣ್ಣಿನಲ್ಲಿ ಅದೊಂದು ಸಂರಕ್ಷಿತ ಸ್ಮಾರಕ.

ಕಾಣದ ವಸ್ತುವಿಗೆ ಕಾವಲೇಕೆ ಎಂದು ಯಾರಾದರೂ ಕೇಳಿದರೆ ಅದು ಅಸಂಗತವಾದ ಪ್ರಶ್ನೆಯಲ್ಲ. ಸ್ಮಾರಕವೆಂದರೆ ನಮ್ಮ ಮನಸ್ಸಿಗೆ ಬರುವುದು ಗೋಪುರ, ಕಂಬ, ಕೋಟೆ, ಶಿಲಾಮೂರ್ತಿ. ಅವು ನಿಂತಿರುತ್ತವೆ, ನಾವು ಅವುಗಳ ಎದುರು ನಿಂತು ತಲೆಯೆತ್ತಿ ನೋಡುತ್ತೇವೆ, ನೋಡಿದ್ದರಿಂದಲೇ ಅವು ನಮ್ಮವೆನಿಸುತ್ತವೆ. ಹೂತುಹೋದ ಸ್ನಾನದ ಮನೆಗೆ ಈ ಯಾವ ಭಾಗ್ಯವೂ ಇಲ್ಲ. ಅದು ದೇವಾಲಯವಲ್ಲ, ಅರಮನೆಯಲ್ಲ, ವೀರನ ಸಮಾಧಿಯೂ ಅಲ್ಲ. ಜನ ಮೈತೊಳೆದುಕೊಂಡ ಜಾಗ, ಅಷ್ಟೆ. ಇಂಥದನ್ನು ಕಾಪಾಡುವುದಕ್ಕಾಗಿ ಒಂದು ಮಹಾನಗರವು ತನ್ನ ನೆಲದ ಬೆಲೆಯನ್ನೂ ಕಟ್ಟುವವರ ಅವಸರವನ್ನೂ ಒಂದಿಷ್ಟು ತಡೆದು ನಿಲ್ಲಿಸಿತೆಂದರೆ, ಆ ವಿವೇಕ ಎಲ್ಲಿಂದ ಬಂತು, ಅದಕ್ಕೆ ತೆತ್ತ ಬೆಲೆಯೇನು ಎಂಬುದನ್ನು ವಿಚಾರಿಸುವುದು ಯುಕ್ತ.

ಮೊದಲು ಆ ಕಟ್ಟಡದ ಸ್ವರೂಪವನ್ನು ತಿಳಿಯೋಣ. ರೋಮನರ ಸ್ನಾನಗೃಹವು ಒಂದು ಕೋಣೆಯಲ್ಲ, ಕೋಣೆಗಳ ಒಂದು ಸರಣಿ. ಬಟ್ಟೆ ಕಳಚುವ ಕೋಣೆ, ತಣ್ಣೀರಿನ ಕೋಣೆ, ಉಗುರುಬೆಚ್ಚನೆಯ ಕೋಣೆ, ಕೊನೆಗೆ ಬೆವರಿಳಿಸುವ ಬಿಸಿಯ ಕೋಣೆ. ಮೈಗೆ ಎಣ್ಣೆ ಹಚ್ಚಿಕೊಂಡು, ಬೆವರು ಬಂದಮೇಲೆ ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆಯನ್ನೂ ಕೊಳೆಯನ್ನೂ ಕೆರೆದು ತೆಗೆಯುವುದು ಅವರ ಪದ್ಧತಿ. ಅಭ್ಯಂಜನದ ಸುಖವನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ.

ಆ ಕಟ್ಟಡದ ಜೀವವೆಲ್ಲ ನೆಲದ ಕೆಳಗಿತ್ತು. ಇಟ್ಟಿಗೆಯ ಗಿಡ್ಡ ಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ದೊಡ್ಡ ಹಂಚುಗಳನ್ನು ಹಾಸಿ, ಅದರ ಮೇಲೆ ಗಾರೆಯ ನೆಲವನ್ನು ಕಟ್ಟುತ್ತಿದ್ದರು. ಹೊರಗಿನ ಒಲೆಯಲ್ಲಿ ಉರಿಸಿದ ಬೆಂಕಿಯ ಬಿಸಿಗಾಳಿ ಈ ಕಂಬಗಳ ನಡುವೆ ಹರಿದು, ಗೋಡೆಯೊಳಗೆ ಹುದುಗಿಸಿದ ಪೊಳ್ಳು ಇಟ್ಟಿಗೆಗಳ ಮೂಲಕ ಮೇಲೇರಿ ಹೊರಬೀಳುತ್ತಿತ್ತು. ಹೀಗಾಗಿ ನೆಲವೂ ಬೆಚ್ಚಗೆ, ಗೋಡೆಯೂ ಬೆಚ್ಚಗೆ. ಹೊಗೆ ಮಾತ್ರ ಒಳಗೆ ಬಾರದು. ಗೋಡೆಯ ಆಚೆ ಒಲೆ, ಈಚೆ ಹಂಡೆ ಇರುವ ನಮ್ಮ ಹಳೆಯ ಬಚ್ಚಲುಮನೆಯನ್ನು ನೆನೆದುಕೊಂಡರೆ ಇದರ ತತ್ತ್ವ ಅರ್ಥವಾಗುತ್ತದೆ. ನಮ್ಮಲ್ಲಿ ಬೆಂಕಿ ನೀರನ್ನು ಕಾಯಿಸಿತು, ಅವರಲ್ಲಿ ಅದು ಮನೆಯನ್ನೇ ಕಾಯಿಸಿತು. ಹೈಪೊಕಾಸ್ಟ್ ಎಂದು ಕರೆಯುವ ಈ ಏರ್ಪಾಡನ್ನು ಕ್ರಿಸ್ತಪೂರ್ವ ಒಂದನೆಯ ಶತಮಾನದ ವಾಸ್ತುಶಾಸ್ತ್ರಜ್ಞನಾದ ವಿಟ್ರುವಿಯಸ್ ತನ್ನ ಗ್ರಂಥದ ಐದನೆಯ ಭಾಗದಲ್ಲಿ ವರ್ಣಿಸಿದ್ದಾನೆ. ಕಂಬಗಳು ಎರಡು ಅಡಿ ಎತ್ತರವಿರಬೇಕು, ಅವನ್ನು ಕೂದಲು ಬೆರೆಸಿ ಕಲಸಿದ ಜೇಡಿಮಣ್ಣಿನಿಂದ ಕಟ್ಟಬೇಕು ಎಂಬಷ್ಟು ಸೂಕ್ಷ್ಮವಾಗಿ ಆತ ವಿಧಿಸುತ್ತಾನೆ. ಗ್ರಂಥದಲ್ಲಿ ಓದಿದ ಈ ಮಾತನ್ನು, ಇಟಲಿಯಿಂದ ಅಷ್ಟು ದೂರದ ದ್ವೀಪವೊಂದರ ಮಣ್ಣಿನಲ್ಲಿ ಇಟ್ಟಿಗೆಯ ರೂಪದಲ್ಲಿ ಕಾಣುವಾಗ ವಿದ್ಯಾರ್ಥಿಗೆ ಆಗುವ ರೋಮಾಂಚನವೇ ಬೇರೆ.

ಆ ಗೋಡೆಗಳ ನಡುವೆ ತುಂಬಿದ್ದ ಗದ್ದಲವನ್ನು ಕೇಳಬೇಕಾದರೆ ಸೆನೆಕನ ಬಳಿಗೆ ಹೋಗಬೇಕು. ಸ್ನಾನಗೃಹವೊಂದರ ಮೇಲಣ ವಸತಿಯಲ್ಲಿದ್ದುಕೊಂಡು ಆ ತತ್ತ್ವಜ್ಞಾನಿಯು ಗೆಳೆಯ ಲುಸಿಲಿಯಸನಿಗೆ ಬರೆದ ಒಂದು ಪತ್ರ ಉಳಿದಿದೆ. ಭಾರ ಎತ್ತುವವರ ಏದುಸಿರು, ಮೈ ತಿಕ್ಕುವವನ ಕೈ ಬಡಿತ, ನೀರಿಗೆ ಧುಮುಕುವವರ ಸದ್ದು, ಕಂಕುಳ ಕೂದಲು ಕೀಳಿಸಿಕೊಳ್ಳುವವರ ಕೂಗು, ತಿಂಡಿ ಮಾರುವವರ ಬಗೆಬಗೆಯ ರಾಗ, ಇವುಗಳನ್ನೆಲ್ಲ ಆತ ಹಾಸ್ಯದಿಂದ ಪಟ್ಟಿಮಾಡಿ, ಇಷ್ಟರ ನಡುವೆಯೂ ಚಿತ್ತವನ್ನು ಸ್ಥಿರವಾಗಿಡುವುದು ಸಾಧ್ಯವೇ ಎಂಬ ಗಂಭೀರ ಜಿಜ್ಞಾಸೆಗೆ ಹೊರಳುತ್ತಾನೆ. ಸಾಹಿತ್ಯವು ಸದ್ದನ್ನು ಉಳಿಸಿತು. ಮಣ್ಣು ಜಾಗವನ್ನು ಉಳಿಸಿತು. ಒಂದಿಲ್ಲದೆ ಇನ್ನೊಂದು ಅರ್ಧ ಮಾತ್ರ.

ಮಣ್ಣು ಉಳಿಸಿದ್ದು ಗೋಡೆಗಳನ್ನಷ್ಟೇ ಅಲ್ಲ. ವೇಲ್ಸಿನ ಕಾರ್‌ಲಿಯನ್ ಎಂಬಲ್ಲಿ ರೋಮನ್ ಸೇನಾ ಠಾಣ್ಯದ ಸ್ನಾನಗೃಹವನ್ನು 1970ರ ದಶಕದ ಕೊನೆಯಲ್ಲಿ ಅಗೆದಾಗ ಅದರ ಬಚ್ಚಲ ಮೋರಿಯೊಳಗೆ ಚಿತ್ರ ಕೆತ್ತಿದ 88 ಸಣ್ಣ ಮಣಿಹರಳುಗಳು ದೊರೆತವು. ಅವೆಲ್ಲ ಉಂಗುರದ ಹರಳುಗಳು. ಹಬೆಗೂ ಬಿಸಿನೀರಿಗೂ ಉಂಗುರದ ಅಂಟು ಸಡಿಲಿ, ಸ್ನಾನ ಮಾಡುತ್ತಿದ್ದವರ ಬೆರಳಿನಿಂದ ಕಳಚಿ, ನೀರಿನೊಡನೆ ಹರಿದುಹೋದವು. ಅಂದು ಹರಳು ಕಳೆದುಕೊಂಡವನು ಎಷ್ಟು ಪೇಚಾಡಿದನೋ! ಅವನ ನಷ್ಟ ನಮ್ಮ ಲಾಭವಾಯಿತು. ಚರಿತ್ರೆಯ ದೊಡ್ಡ ಪುಸ್ತಕದಲ್ಲಿ ಚಕ್ರವರ್ತಿಗಳ ಹೆಸರಿದೆ; ಹರಳು ಜಾರಿದ ಸಾಮಾನ್ಯನ ಹೆಸರಿಲ್ಲ. ಅವನ ಇರವಿಗೆ ಉಳಿದ ಸಾಕ್ಷಿ ಒಂದು ಮೋರಿ. ಕಣ್ಣಿಗೆ ಬೀಳುವ ಸ್ಮಾರಕಗಳು ಬಹುಮಟ್ಟಿಗೆ ಆಳಿದವರ ಕಥೆಯನ್ನು ಹೇಳುತ್ತವೆ. ಬಾಳಿದವರ ಕಥೆ ಹೆಚ್ಚಾಗಿ ಮಣ್ಣಿನ ಕೆಳಗೇ ಇರುತ್ತದೆ.

ಹಗ್ಗಿನ್ ಹಿಲ್ಲಿನ ಸ್ನಾನಗೃಹ ಕ್ರಿ. ಶ. ಒಂದನೆಯ ಶತಮಾನದ ಕೊನೆಯ ಭಾಗದಲ್ಲಿ ನಿರ್ಮಿತವಾಯಿತು. ಬೆಟ್ಟದ ಇಳಿಜಾರನ್ನು ಕಡಿದು ಹಂತ ಮಾಡಿ, ಅಲ್ಲಿಯೇ ಉಕ್ಕುವ ಬುಗ್ಗೆಗಳ ನೀರನ್ನು ಬಳಸಿಕೊಂಡು ಅದನ್ನು ಕಟ್ಟಿದರು. ಮುಂದೆ ಅದನ್ನು ವಿಸ್ತರಿಸಿದರು. ಎರಡನೆಯ ಶತಮಾನ ಮುಗಿಯುವ ಮೊದಲೇ ಅದು ಬಳಕೆ ತಪ್ಪಿ, ಕೆಡವಲ್ಪಟ್ಟು, ಅದರ ಅವಶೇಷಗಳ ನಡುವೆ ಚಿಕ್ಕ ಮನೆಗಳು ತಲೆಯೆತ್ತಿದವು. ಆ ಮೇಲೆ ನಗರವು ಅದರ ಮೇಲೆ ಪದರ ಪದರವಾಗಿ ಬೆಳೆಯಿತು. 1964ರಲ್ಲಿ ಕಟ್ಟಡದ ಕೆಲಸದ ಸಂದರ್ಭದಲ್ಲಿ ಅದರ ಗೋಡೆಗಳು ಮತ್ತೆ ಬೆಳಕು ಕಂಡವು. ಆಗಿನ ಶೋಧನೆ ಮುಗಿದು ಮೇಲೊಂದು ಕಟ್ಟಡವೂ ಎದ್ದಿತು. ಆ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಕಾಲ 1980ರ ದಶಕದ ಕೊನೆಯಲ್ಲಿ ಬಂದಾಗ, ಊಹಿಸಿದ್ದಕ್ಕಿಂತ ಬಹಳ ಹೆಚ್ಚಿನ ಭಾಗ ಗಟ್ಟಿಯಾಗಿ ಉಳಿದಿರುವುದು ಗೋಚರವಾಯಿತು. 1989ರಲ್ಲಿ ಪುರಾತತ್ತ್ವಜ್ಞರೂ ಸಾರ್ವಜನಿಕರೂ ದನಿಯೆತ್ತಿದರು. ಕೊನೆಗೆ ಅವಶೇಷಗಳನ್ನು ಕಿತ್ತುಹಾಕದೆ, ಮರಳಿನಿಂದ ಮುಚ್ಚಿ, ಹೊಸ ಕಟ್ಟಡದ ಕೆಳಗೆ ಇದ್ದಲ್ಲಿಯೇ ಉಳಿಸುವುದೆಂದು ನಿರ್ಣಯವಾಯಿತು. ಹೂತದ್ದನ್ನು ತೆಗೆದರು, ತೆಗೆದದ್ದನ್ನು ತಿಳಿದು ಮತ್ತೆ ಹೂತರು. ಈ ಎರಡನೆಯ ಹೂಳುವಿಕೆಯಲ್ಲಿಯೇ ನಮ್ಮ ವಿಷಯದ ತಿರುಳಿದೆ.

ಅದೇ ವರ್ಷ, ನದಿಯ ಆಚೆ ದಡದ ಸದರ್ಕ್ ಭಾಗದಲ್ಲಿ, 1587ರಲ್ಲಿ ಕಟ್ಟಿದ ರೋಸ್ ನಾಟಕಶಾಲೆಯ ತಳಹದಿ ದೊರೆಯಿತು. ಮಾರ್ಲೋವಿನ ನಾಟಕಗಳೂ ಷೇಕ್ಸ್‌ಪಿಯರನ ಆರಂಭಕಾಲದ ನಾಟಕಗಳೂ ಆಡಿದ ರಂಗಸ್ಥಳ ಅದು. ನಟರು, ಲೇಖಕರು, ವಿದ್ಯಾರ್ಥಿಗಳು ಅಲ್ಲಿ ನೆರೆದು ಕಟ್ಟಡದ ಯಂತ್ರಗಳಿಗೆ ಅಡ್ಡ ನಿಂತರು. ನಾಟಕಶಾಲೆಗೆ ನಟರು ದೊರೆತರು. ಸ್ನಾನದ ಮನೆಗೆ ಅಂಥ ಹೆಸರಾಂತ ವಕೀಲರು ದೊರೆಯುವುದು ಕಷ್ಟ. ಆದರೂ ಈ ಎರಡು ಪ್ರಕರಣಗಳೂ ಕೂಡಿ ಆಡಳಿತದ ಮೇಲೆ ಪರಿಣಾಮ ಬೀರಿದವು. 1990ರ ನವೆಂಬರಿನಲ್ಲಿ ಇಂಗ್ಲೆಂಡಿನ ಸರ್ಕಾರ ಹೊರಡಿಸಿದ ಹದಿನಾರನೆಯ ಯೋಜನಾ ಮಾರ್ಗಸೂಚಿಯು, ರಾಷ್ಟ್ರೀಯ ಮಹತ್ವದ ಅವಶೇಷಗಳನ್ನು ಇದ್ದಲ್ಲಿಯೇ ಉಳಿಸುವುದು ಮೊದಲ ಆಯ್ಕೆಯಾಗಬೇಕೆಂದೂ, ಉಳಿಸಲಾಗದಿದ್ದಲ್ಲಿ ಅವುಗಳನ್ನು ಶೋಧಿಸಿ ದಾಖಲೆ ಮಾಡುವ ವೆಚ್ಚವನ್ನು ಕಟ್ಟುವವನೇ ಭರಿಸಬೇಕೆಂದೂ ಸೂಚಿಸಿತು. ಆ ಮಾರ್ಗಸೂಚಿಯ ಜಾಗದಲ್ಲಿ ಆಮೇಲೆ ಬೇರೆ ನಿಯಮಗಳು ಬಂದಿವೆಯಾದರೂ ತತ್ತ್ವ ಉಳಿದುಕೊಂಡಿದೆ. ಅದಕ್ಕೂ ಮೊದಲೇ 1979ರ ಪ್ರಾಚೀನ ಸ್ಮಾರಕಗಳ ಕಾಯಿದೆಯು, ಪಟ್ಟಿಗೆ ಸೇರಿದ ಸ್ಮಾರಕವನ್ನು ಕೆಡವುವುದಿರಲಿ, ಅದರ ಮೇಲೆ ಮಣ್ಣು ಸುರಿಯುವುದಕ್ಕೂ ನೀರು ನಿಲ್ಲಿಸುವುದಕ್ಕೂ ಸರ್ಕಾರದ ಲಿಖಿತ ಅನುಮತಿ ಬೇಕೆಂದು ವಿಧಿಸಿತ್ತು.

ಈ ವಿವೇಕ ಪುಕ್ಕಟೆಯಾಗಿ ಬಂದುದಲ್ಲ. ಅದಕ್ಕೆ ತೆತ್ತ ಬೆಲೆಯ ಹೆಸರು ಚೆಸ್ಟರ್. ಇಂಗ್ಲೆಂಡಿನ ವಾಯವ್ಯ ಭಾಗದ ಈ ಊರು ರೋಮನರ ಕಾಲದಲ್ಲಿ ದೇವಾ ಎಂಬ ಹೆಸರಿನ ಸೇನಾನೆಲೆಯಾಗಿತ್ತು. ಅವರ ಇಪ್ಪತ್ತನೆಯ ಲೀಜನ್ ಬಹುಕಾಲ ಅಲ್ಲಿ ಬೀಡುಬಿಟ್ಟಿತ್ತು. ಆ ಸೈನಿಕರಿಗಾಗಿ ಕಟ್ಟಿದ ಭಾರೀ ಸ್ನಾನಗೃಹದ ಬಹುಭಾಗ, ಆಧುನಿಕ ಊರಿನ ಅಂಗಡಿಗಳ ಕೆಳಗೆ, ಹೈಪೊಕಾಸ್ಟಿನ ಕಂಬಗಳ ಸಹಿತ, ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಉಳಿದಿತ್ತು. 1963 ಮತ್ತು 1964ರಲ್ಲಿ ಅಲ್ಲಿ ಹೊಸ ಅಂಗಡಿ ಸಮುಚ್ಚಯವೊಂದನ್ನು ಕಟ್ಟುವುದಕ್ಕಾಗಿ ಅದನ್ನು ಒಡೆದು ತೆಗೆದರು. ಶೋಧಕರಿಗೆ ದೊರೆತದ್ದು ಯಂತ್ರಗಳ ಮುಂದೆ ಮುಂದೆ ಓಡಿ ಅಳತೆ ಬರೆದುಕೊಳ್ಳುವಷ್ಟು ಅವಕಾಶ ಮಾತ್ರ. ಸಾವಿರದ ಎಂಟುನೂರು ವರ್ಷಗಳ ಮಳೆ, ಯುದ್ಧ, ಕಳ್ಳತನಗಳಿಂದ ಉಳಿದು ಬಂದದ್ದು ಕೆಲವು ತಿಂಗಳುಗಳ ಅವಸರದಲ್ಲಿ ಹೋಯಿತು. ಇಂದು ಆ ಊರಿನಲ್ಲಿ ಬ್ರಿಜ್ ಸ್ಟ್ರೀಟಿನ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಹೈಪೊಕಾಸ್ಟಿನ ಒಂದು ತುಣುಕು ಉಳಿದಿದೆ. ವ್ಯಾಯಾಮಶಾಲೆಯ ಕೆಲವು ಕಂಬಗಳನ್ನು ಕೋಟೆಗೋಡೆಯ ಬಳಿಯ ತೋಟದಲ್ಲಿ ತಂದು ನಿಲ್ಲಿಸಿದ್ದಾರೆ. ತೋಟದ ಕಂಬಗಳು ಕಾಣುತ್ತವೆ. ಆದರೆ ಅವು ತಮ್ಮ ನೆಲವನ್ನು ಕಳೆದುಕೊಂಡಿವೆ. ಹಗ್ಗಿನ್ ಹಿಲ್ಲಿನ ಗೋಡೆಗಳು ಕಾಣುವುದಿಲ್ಲ. ಆದರೆ ಅವು ಇದ್ದಲ್ಲಿ ಇವೆ. ಈ ಎರಡರಲ್ಲಿ ಯಾವುದು ಹೆಚ್ಚು ಉಳಿದದ್ದು ಎಂಬುದನ್ನು ವಾಚಕರೇ ನಿರ್ಧರಿಸಲಿ.

ಮಣ್ಣು ಮುಚ್ಚುವುದನ್ನು ನಾವು ಸಾವಿನ ಕ್ರಿಯೆಯೆಂದು ಭಾವಿಸಿದ್ದೇವೆ. ಪುರಾತತ್ತ್ವಶಾಸ್ತ್ರದ ಅನುಭವ ಇದಕ್ಕೆ ವಿರುದ್ಧವಾಗಿದೆ. ಹೂತುಹೋದ ಗೋಡೆಗೆ ಬಿಸಿಲು ಮಳೆಗಳ ಹಂಗಿಲ್ಲ. ಅದರ ತೇವವೂ ತಂಪೂ ಹೆಚ್ಚುಕಡಮೆ ಒಂದೇ ಸಮನಾಗಿರುತ್ತವೆ. ಅದನ್ನು ತೆರೆದ ದಿನದಿಂದ ಅದರ ಮುಪ್ಪು ಪ್ರಾರಂಭವಾಗುತ್ತದೆ. ಗಾರೆಯೊಳಗಿನ ನೀರು ಆರುವಾಗ ಲವಣಗಳು ಹೊರಬಂದು ಮೇಲ್ಮೈಯನ್ನು ಸಿಪ್ಪೆಸಿಪ್ಪೆಯಾಗಿ ಕಳಚುತ್ತವೆ. ಚಳಿಯ ನಾಡಿನಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯನ್ನು ಸೀಳುತ್ತದೆ. ಹಾವಸೆ ಹತ್ತುತ್ತದೆ, ಬೇರು ಇಳಿಯುತ್ತದೆ, ನೋಡಲು ಬಂದವರ ಕಾಲ್ತುಳಿತಕ್ಕೆ ನೆಲ ಸವೆಯುತ್ತದೆ. ಆದ್ದರಿಂದಲೇ ತೆರೆದ ಅವಶೇಷದ ಮೇಲೆ ಒಂದು ಬಟ್ಟೆಯಂಥ ಪದರವನ್ನು ಹೊದಿಸಿ, ಲವಣಾಂಶವಿಲ್ಲದ ಸ್ವಚ್ಛ ಮರಳನ್ನು ತುಂಬಿ ಮತ್ತೆ ಮುಚ್ಚುವುದು ಇಂದು ಮಾನ್ಯವಾದ ಸಂರಕ್ಷಣಾ ವಿಧಾನ. ಮುಂದೆ ಅಗೆಯುವವರಿಗೆ ಆ ಪದರವೇ ಗುರುತು: ಇಲ್ಲಿಂದ ಕೆಳಗೆ ಹಿಂದಿನವರ ಕೈ ಇದೆ, ನಿಧಾನಿಸು ಎಂದು ಅದು ಹೇಳುತ್ತದೆ.

ಇನ್ನೊಂದು ದಾರಿಯೂ ಇಲ್ಲದಿಲ್ಲ. ಲಂಡನ್ನಿನ ಉತ್ತರಕ್ಕಿರುವ ವೆಲ್ವಿನ್ ಎಂಬಲ್ಲಿ 1960ರಲ್ಲಿ ಟೋನಿ ರೂಕ್ ಎಂಬ ಪುರಾತತ್ತ್ವಾಸಕ್ತರು ನದಿಯ ದಡದಲ್ಲಿ ರೋಮನ್ ಹೆಂಚಿನ ಚೂರುಗಳನ್ನು ಕಂಡರು. ಅದೇ ಸುಳಿವಿನಿಂದ ಮೂರನೆಯ ಶತಮಾನದ ಒಂದು ಸಿರಿವಂತ ಮನೆತನದ ಸ್ನಾನಗೃಹ ಹೊರಬಿದ್ದಿತು. ಹೊಸ ಹೆದ್ದಾರಿಯ ದಾರಿ ಅದರ ಮೇಲೆಯೇ ಹಾದುಹೋಗಬೇಕಾಗಿತ್ತು. ಹೆದ್ದಾರಿಯೂ ಆಯಿತು, ಸ್ನಾನಗೃಹವೂ ಉಳಿಯಿತು: ದಾರಿಯ ದಿಬ್ಬದ ಅಡಿಯಲ್ಲಿ ಉಕ್ಕಿನ ಕಮಾನಿನ ಕೋಣೆಯನ್ನು ನಿರ್ಮಿಸಿ ಅದರೊಳಗೆ ಅವಶೇಷವನ್ನು ಇದ್ದಂತೆಯೇ ಇಟ್ಟರು. 1975ರಿಂದ ಜನ ಸುರಂಗದಲ್ಲಿ ನಡೆದುಹೋಗಿ ಅದನ್ನು ನೋಡುತ್ತಾರೆ. ತಲೆಯ ಮೇಲೆ ವಾಹನಗಳು ಓಡುತ್ತಿರುತ್ತವೆ. ಲಂಡನ್ನಿನಲ್ಲಿಯೇ, 1848ರಲ್ಲಿ ಕಲ್ಲಿದ್ದಲು ವಿನಿಮಯ ಭವನವನ್ನು ಕಟ್ಟುವಾಗ ದೊರೆತ ಬಿಲ್ಲಿಂಗ್ಸ್‌ಗೇಟಿನ ರೋಮನ್ ಮನೆಯೂ ಅದರ ಸ್ನಾನಗೃಹವೂ ಒಂದು ನೆಲಮಾಳಿಗೆಯಲ್ಲಿ ಉಳಿದುಕೊಂಡಿವೆ. ಮೇಲಿನ ಭವನವನ್ನು 1962ರಲ್ಲಿ ಕೆಡವಿದರು. ಕೆಳಗಿನ ರೋಮನ್ ಗೋಡೆ ಅದಕ್ಕಿಂತ ದೀರ್ಘಾಯುವಾಯಿತು. ತೋರಿಸಲು ಸಾಧ್ಯವಾದುದನ್ನು ತೋರಿಸುವುದು ಒಳ್ಳೆಯದೇ. ಆದರೆ ಎಲ್ಲ ಸ್ಮಾರಕಗಳಿಗೂ ಉಕ್ಕಿನ ಕೋಣೆ ಕಟ್ಟುವ ಸಿರಿ ಯಾವ ದೇಶಕ್ಕೂ ಇಲ್ಲ. ತೋರಿಸಲಾಗದ್ದನ್ನು ಒಡೆಯಬಹುದೆಂದು ಇದರ ಅರ್ಥವಲ್ಲ ಎಂಬುದಷ್ಟೇ ನಮ್ಮ ವಾದ.

ಇದಕ್ಕೆ ಎದುರಾಗಿ ಹೇಳುವ ಮಾತುಗಳು ಇಲ್ಲದಿಲ್ಲ. ಅವು ಹಗುರವಾದುವೂ ಅಲ್ಲ. ಕಾಣದ್ದು ಮನಸ್ಸಿನಿಂದ ಮರೆಯಾಗುತ್ತದೆ, ಮರೆತದ್ದಕ್ಕೆ ಕಾನೂನು ಎಷ್ಟು ದಿನ ಕಾವಲು ಕಾದೀತು ಎಂಬುದು ಒಂದು. ಮುಚ್ಚಿಡುವುದೆಂಬ ಮಾತು ಕಟ್ಟುವವರಿಗೆ ಸುಲಭದ ನೆಪವಾಗಿ, ತಜ್ಞರ ಬಾಯಿಗೂ ಮರಳು ತುಂಬಬಹುದು ಎಂಬುದು ಇನ್ನೊಂದು. ಹೊಸ ಕಟ್ಟಡದ ಆಳವಾದ ಕಂಬಗಳು ಸುತ್ತಣ ನೆಲದ ನೀರಿನ ಮಟ್ಟವನ್ನು ಕೆಡಿಸಿದರೆ, ಮರಳಿನ ಅಡಿಯಲ್ಲಿ ಏನಾಗುತ್ತಿದೆಯೆಂಬುದು ಮೇಲಿನವರಿಗೆ ತಿಳಿಯುವುದು ಕಷ್ಟ. ಈ ಆಕ್ಷೇಪಗಳಲ್ಲಿ ಸತ್ಯವಿದೆ. ಆದ್ದರಿಂದಲೇ ಹೂಳುವುದು ಕೊನೆಯ ಕೆಲಸವಾಗಬಾರದು. ಮುಚ್ಚುವ ಮೊದಲು ಪೂರ್ಣವಾದ ದಾಖಲೆಯಾಗಬೇಕು. ಅದು ಇಲಾಖೆಯ ಕಪಾಟಿನಲ್ಲಿ ಕೊಳೆಯದೆ ಗ್ರಂಥವಾಗಿ ಓದುಗರ ಕೈಗೆ ಬರಬೇಕು. ನೆಲದ ಮೇಲೆ ಒಂದು ಫಲಕವಾದರೂ ನಿಂತು, ಕೆಳಗೆ ಏನಿದೆಯೆಂಬುದನ್ನು ಹಾದುಹೋಗುವವನಿಗೆ ಹೇಳಬೇಕು. ದಾಖಲೆಯಿಲ್ಲದೆ ಹೂಳುವುದು ಮರೆಮಾಚುವುದು. ದಾಖಲೆ ಮಾಡಿ ಹೂಳುವುದು ಕಾಪಾಡುವುದು.

ಇವೆಲ್ಲಕ್ಕಿಂತ ಆಳವಾದ ಇನ್ನೊಂದು ಪ್ರಶ್ನೆಯಿದೆ. ಈ ಸ್ನಾನಗೃಹಗಳು ಯಾರವು? ರೋಮನರು ಬ್ರಿಟನ್ನಿಗೆ ಬಂದದ್ದು ಅತಿಥಿಗಳಾಗಿ ಅಲ್ಲ, ಕ್ರಿ. ಶ. 43ರಲ್ಲಿ ದಂಡೆತ್ತಿ ಬಂದು ಗೆದ್ದವರಾಗಿ. ಚೆಸ್ಟರಿನಲ್ಲಿ ದೊರೆತ ಸೀಸದ ನೀರಿನ ಕೊಳವೆಗಳ ಮೇಲೆ ಕ್ರಿ. ಶ. 79ರ ಕಾಲಸೂಚನೆಯೂ ಆಗಿನ ಪ್ರಾಂತಾಧಿಪತಿ ಅಗ್ರಿಕೋಲನ ಹೆಸರೂ ಇವೆ. ಆ ಅಗ್ರಿಕೋಲನ ಅಳಿಯನೇ ಇತಿಹಾಸಕಾರ ಟ್ಯಾಸಿಟಸ್. ಮಾವನ ಚರಿತ್ರೆಯನ್ನು ಬರೆಯುತ್ತ ಟ್ಯಾಸಿಟಸ್ ಒಂದೆಡೆ, ಬ್ರಿಟನ್ನರು ಮೊಗಸಾಲೆ, ಸ್ನಾನಗೃಹ, ಔತಣಕೂಟಗಳಿಗೆ ಮನಸೋತು ಅದನ್ನೇ ನಾಗರಿಕತೆಯೆಂದು ಭಾವಿಸಿದರು, ನಿಜವಾಗಿ ಅದು ಅವರ ದಾಸ್ಯದ ಒಂದು ಭಾಗವಾಗಿತ್ತು ಎಂಬ ಅರ್ಥದ ಕಹಿಯಾದ ಮಾತನ್ನು ಹೇಳುತ್ತಾನೆ. ಗೆದ್ದವರ ಕಡೆಯವನೇ ಆಡಿದ ಈ ಮಾತು, ಪರರ ಆಳಿಕೆಯನ್ನು ಕಂಡ ನಮ್ಮಂಥ ಜನಕ್ಕೆ ಥಟ್ಟನೆ ನಾಟುತ್ತದೆ. ಹಾಗಾದರೆ ಬ್ರಿಟನ್ನಿನ ಜನ ಇಂದು ತಮ್ಮ ಪೂರ್ವಿಕರ ದಾಸ್ಯದ ಗುರುತನ್ನು ಕಾಪಾಡುತ್ತಿದ್ದಾರೆಯೇ?

ಹೌದು, ಕಾಪಾಡುತ್ತಿದ್ದಾರೆ. ಅದರಲ್ಲಿ ತಪ್ಪಿಲ್ಲವೆಂದೇ ನಮ್ಮ ಅಭಿಪ್ರಾಯ. ಸ್ಮಾರಕವನ್ನು ಉಳಿಸುವುದೆಂದರೆ ಕಟ್ಟಿದವನಿಗೆ ನಮಸ್ಕರಿಸುವುದಲ್ಲ. ನಡೆದದ್ದನ್ನು ನಡೆದಂತೆ ನೋಡುವ ಧೈರ್ಯ ಅದು. ಒಲೆಗೆ ಸೌದೆ ಹೊತ್ತು ತಂದವರು, ಬೂದಿ ಬಾಚಿದವರು, ಹೊಗೆಯಲ್ಲಿ ಕೆಮ್ಮಿದ ದಾಸರು ಆ ಕಟ್ಟಡದಲ್ಲಿ ಇದ್ದರು. ಗೋಡೆಯನ್ನು ಅಳಿಸಿದರೆ ಬಿಸಿನೀರಿನಲ್ಲಿ ಮಿಂದವನ ಗುರುತಿನೊಂದಿಗೆ ಬೆಂಕಿ ಉರಿಸಿದವನ ಗುರುತೂ ಅಳಿದುಹೋಗುತ್ತದೆ. ಟ್ಯಾಸಿಟಸನ ಮಾತು ನಿಜವೋ ಸುಳ್ಳೋ ಎಂದು ತೂಗಿ ನೋಡುವುದಕ್ಕೂ ಆ ಒಲೆಯ ಬಾಯಿ, ಆ ಮೋರಿ, ಆ ಸವೆದ ಹೊಸ್ತಿಲು ಬೇಕು.

ಕಾಲವು ಗ್ರಂಥಗಳನ್ನೂ ಬಿಡುವುದಿಲ್ಲ ಎಂಬುದನ್ನು ಸಾಹಿತ್ಯಾಸಕ್ತರು ಇಲ್ಲಿ ನೆನೆಯಬಹುದು. ಪ್ರಾಚೀನ ಇಂಗ್ಲಿಷಿನಲ್ಲಿ, ಕುಸಿದ ಗೋಡೆಗಳನ್ನೂ ಬಿಸಿನೀರು ಹರಿದ ಸ್ನಾನದ ತಾಣವನ್ನೂ ಕಂಡು ಮರುಗುವ ಒಂದು ಕವಿತೆಯುಂಟು. ಬಾತ್ ನಗರದ ರೋಮನ್ ಅವಶೇಷಗಳನ್ನು ಕಂಡು ಹಾಡಿದ್ದಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಆ ಕವಿತೆಯ ಏಕೈಕ ಹಸ್ತಪ್ರತಿ ಎಕ್ಸಿಟರ್ ಗ್ರಂಥದಲ್ಲಿದೆ; ಆ ಹಾಳೆಗಳಿಗೆ ಬೆಂಕಿ ತಗುಲಿ ಅಲ್ಲಲ್ಲಿ ಸಾಲುಗಳೇ ಮಾಯವಾಗಿವೆ. ಹಾಳು ಕಟ್ಟಡವನ್ನು ಹಾಡಿದ ಕವಿತೆಯೇ ಹಾಳು ಬಿದ್ದಿದೆ! ಸುಟ್ಟ ಸಾಲುಗಳನ್ನು ಯಾರೂ ಮರಳಿ ತರಲಾರರು. ಮಣ್ಣಿನಡಿಯ ಗೋಡೆಯೂ ಒಂದು ಹಸ್ತಪ್ರತಿಯೇ, ಅದಕ್ಕೂ ಎರಡನೆಯ ಪ್ರತಿಯಿಲ್ಲ.

ನಮಗೂ ಈ ಕಥೆಗೂ ಒಂದು ಎಳೆಯ ಸಂಬಂಧವಿದೆ. ಲಂಡನ್ನಿನ ವಾಯವ್ಯಕ್ಕಿರುವ ರೋಮನ್ ವೆರುಲೇಮಿಯಮ್ ನಗರವನ್ನು 1930ರ ದಶಕದಲ್ಲಿ ಅಗೆದು, ಅಲ್ಲಿನ ಹೈಪೊಕಾಸ್ಟನ್ನು ಹೊರತಂದವರು ಮಾರ್ಟಿಮರ್ ವ್ಹೀಲರ್ ಮತ್ತು ಅವರ ಪತ್ನಿ ಟೆಸ್ಸಾ ವ್ಹೀಲರ್. ಅದನ್ನು ಕಿತ್ತು ವಸ್ತುಸಂಗ್ರಹಾಲಯಕ್ಕೆ ಸಾಗಿಸದೆ, ಇದ್ದಲ್ಲಿಯೇ ಬಿಟ್ಟು ಮೇಲೊಂದು ಮಾಡು ಹೊದಿಸಿದ್ದಾರೆ. ಅದೇ ವ್ಹೀಲರ್ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಯಾಗಿ ಬಂದು, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದರು. ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮನ್ ಬೆಳ್ಳಿ ನಾಣ್ಯ ದೊರೆಯಿತು. ನಮ್ಮ ನೆಲದ ಪದರಗಳಿಗೆ ಕಾಲನಿರ್ಣಯ ಮಾಡಲು ಸಮುದ್ರದಾಚೆಯ ಆ ರಾಜ್ಯದ ವಸ್ತುಗಳು ನೆರವಾದವು. ವ್ಹೀಲರ್ ಚೌಕ ಚೌಕವಾಗಿ ಅಗೆಸುತ್ತ, ನಡುವೆ ಮಣ್ಣಿನ ಗೋಡೆಗಳನ್ನು ಅಗೆಯದೆ ಬಿಡಿಸುತ್ತಿದ್ದರು. ಆ ಗೋಡೆಯ ಮೈಯಲ್ಲಿ ಕಾಲದ ಪದರಗಳನ್ನು ಎಷ್ಟು ಸಲ ಬೇಕಾದರೂ ಓದಬಹುದಾಗಿತ್ತು. ಅಗೆದದ್ದಕ್ಕೆ ಸಾಕ್ಷಿ ಹೇಳುವುದು ಅಗೆಯದೆ ಬಿಟ್ಟದ್ದು ಎಂಬುದು ಶಾಸ್ತ್ರದ ಈ ಚಿಕ್ಕ ಪಾಠ.

ಭಾರತದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ ಈ ತತ್ತ್ವವನ್ನು ಒಪ್ಪಿದೆ. ನಿಂತ ಕಟ್ಟಡವನ್ನಷ್ಟೇ ಅಲ್ಲ, ಪ್ರಾಚೀನ ಅವಶೇಷಗಳಿರುವ ಅಥವಾ ಇವೆಯೆಂದು ಯುಕ್ತವಾಗಿ ನಂಬಬಹುದಾದ ನೆಲವನ್ನೂ ಅದು ರಕ್ಷಣೆಯ ವ್ಯಾಪ್ತಿಗೆ ತಂದಿದೆ. 2010ರ ತಿದ್ದುಪಡಿಯು ಸಂರಕ್ಷಿತ ಸ್ಥಳದ ಸುತ್ತ 100 ಮೀಟರುಗಳವರೆಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ 200 ಮೀಟರುಗಳನ್ನು ನಿಯಂತ್ರಣಕ್ಕೆ ಒಳಪಡಿಸಿತು. ಕಾಯಿದೆಯ ಅಕ್ಷರ ನಮ್ಮಲ್ಲಿದೆ. ಕಾಯಿದೆಯನ್ನು ಜೀವಂತವಾಗಿಡುವ ಲೋಕಮತ ಶಾಲೆಯಲ್ಲಿ, ಕಾಲೇಜಿನಲ್ಲಿ, ಓದುವ ಮನೆಗಳಲ್ಲಿ ಹುಟ್ಟಬೇಕು. ಹಗ್ಗಿನ್ ಹಿಲ್ಲಿನ ಸಂಗತಿಯಲ್ಲಿಯೂ ಕಾಗದದ ಮೇಲಿನ ನಿಯಮಕ್ಕೆ ಬಲ ತಂದದ್ದು ಬೀದಿಯಲ್ಲಿ ನಿಂತ ಜನರ ದನಿ.

ಹೂತ ವಸ್ತುವಿಗೆ ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಒಂದು ನಿಧಿ, ಇನ್ನೊಂದು ಹಗೇವು. ನಿಧಿ ಎಂದೊಡನೆ ಅಗೆಯುವ ಆಸೆ ಹುಟ್ಟುತ್ತದೆ. ರಾತ್ರೋರಾತ್ರಿ ಅಗೆದು, ಕಲ್ಲನ್ನು ಕಿತ್ತು, ಸಿಕ್ಕಿದವನು ತನ್ನದಾಗಿ ಮಾಡಿಕೊಳ್ಳುವ ವಸ್ತು ಅದು. ಆ ಆಸೆಗೆ ನಮ್ಮ ನಾಡಿನ ಎಷ್ಟು ಗುಡಿಗಳ ಪೀಠಗಳು ಬಲಿಯಾಗಿವೆಯೆಂಬುದನ್ನು ಬಲ್ಲವರು ಬಲ್ಲರು. ಹಗೇವು ಬೇರೆ ಜಾತಿಯದು. ಒಕ್ಕಲ ಮನೆಯ ಹಿರಿಯರು ಸುಗ್ಗಿಯ ಜೋಳವನ್ನು ನೆಲದ ಕುಳಿಯಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲದ ದಿನಕ್ಕೆಂದು ಕಾದಿಟ್ಟರು. ಇದೆಯೇ ಎಂದು ದಿನಬೆಳಗಾದರೆ ತೆಗೆದು ನೋಡುವಂತಿಲ್ಲ. ನೋಡಿದರೆ ಗಾಳಿ ತೇವ ಹೊಕ್ಕು ಕಾಳು ಕೆಡುತ್ತದೆ. ಇದೆಯೆಂಬ ತಿಳಿವಳಿಕೆಯೇ ಮನೆಗೆ ಧೈರ್ಯ. ತುಂಬಿದವನೇ ಉಣ್ಣಬೇಕೆಂಬ ನಿಯಮವೂ ಅಲ್ಲಿಲ್ಲ.

ಹಗ್ಗಿನ್ ಹಿಲ್ಲಿನ ಮರಳಿನಡಿಯ ಸ್ನಾನಗೃಹ ಅಂಥದೊಂದು ಹಗೇವು. ಇಂದಿನ ಶೋಧಕರ ಕಣ್ಣಿಗೆ ಮೋರಿಯ ಕೆಸರು ಕೆಸರಷ್ಟೇ ಆಗಿ ಕಂಡ ಕಡೆಯಲ್ಲಿ, ಐವತ್ತೋ ನೂರೋ ವರ್ಷಗಳ ಮೇಲೆ ಬರುವವರ ಉಪಕರಣಗಳಿಗೆ ಅಂದಿನವರ ಆಹಾರ, ರೋಗ, ಊರು, ಕುಲಗಳ ವೃತ್ತಾಂತವೇ ಕಾಣಬಹುದು. ನಾವು ಕೇಳಲು ತಿಳಿಯದ ಪ್ರಶ್ನೆಗಳನ್ನು ಕೇಳಬಲ್ಲವರಿಗಾಗಿ ಉತ್ತರವನ್ನು ಮುಟ್ಟದೆ ಉಳಿಸುವುದು ವಿನಯದ ಕೆಲಸ. ವಿದ್ಯೆಗೆ ಶೋಭೆ ತರುವಂಥದು. ಮುಂದೊಮ್ಮೆ ಆ ಬೀದಿಯಲ್ಲಿ ನಡೆಯುವ ಅವಕಾಶ ದೊರೆತ ನಮ್ಮ ವಿದ್ಯಾರ್ಥಿಗಳು ಉದ್ಯಾನದ ಬೆಂಚಿನ ಮೇಲೆ ಒಂದು ಗಳಿಗೆ ಕುಳಿತುಕೊಳ್ಳಲಿ. ನೋಡಲು ಅಲ್ಲಿ ಏನೂ ಇಲ್ಲ. ಆದರೆ ಕಾಲ ಕೆಳಗೆ ಏನಿದೆಯೆಂದು ಬಲ್ಲವನು ಆ ನೆಲದ ಮೇಲೆ ಬೇರೆಯ ರೀತಿಯಲ್ಲಿ ಹೆಜ್ಜೆಯಿಡುತ್ತಾನೆ. ಊರಿಗೆ ಮರಳಿದ ಮೇಲೆ ತನ್ನ ಮನೆಯ ಹಿತ್ತಿಲ ದಿಬ್ಬವನ್ನೂ ಅಷ್ಟು ಸುಲಭವಾಗಿ ಸಮ ಮಾಡಲಾರ.